ಸಭೆಯ ಪಾಪದಲ್ಲಿ ಅಡ್ಮಿನ್ ಪಾಲು

2025ರ ಜನವರಿ 2ರಂದು ತುಮಕೂರು ಜಿಲ್ಲೆಯ ಮೊಬೈಲುಗಳಲ್ಲಿ ಒಂದು ಪುಟ್ಟ ವಿಡಿಯೊ ಹರಿದಾಡಿತು. ಜಮೀನಿನ ತಕರಾರಿನ ದೂರು ಹಿಡಿದು ಪಾವಗಡ ಕಡೆಯಿಂದ ಮಧುಗಿರಿಯ ಡಿವೈಎಸ್‌ಪಿ ಕಚೇರಿಗೆ ಬಂದಿದ್ದ ಮಹಿಳೆಯೊಬ್ಬರ ಜೊತೆ ಆ ಕಚೇರಿಯ ಅಧಿಕಾರಿಯೇ ಲೈಂಗಿಕ ದುರ್ವರ್ತನೆ ತೋರಿದರು ಎಂಬುದು ಆರೋಪ. ಕಿಟಕಿಯಾಚೆಯಿಂದ ಯಾರೋ ಅದನ್ನು ಚಿತ್ರೀಕರಿಸಿದ್ದರು. ಮರುದಿನ ಅಧಿಕಾರಿ ಅಮಾನತಾದರು, ಬಂಧನವೂ ಆಯಿತು. ನ್ಯಾಯಾಲಯ ಅವರನ್ನು ನ್ಯಾಯಾಂಗ ಬಂಧನಕ್ಕೆ ಕಳಿಸಿತು. ಪಕ್ಕದ ಕೊರಟಗೆರೆಯ ಶಾಸಕ ಜಿ. ಪರಮೇಶ್ವರ ಅವರೇ ಆಗ ರಾಜ್ಯದ ಗೃಹ ಸಚಿವರು, ತುಮಕೂರು ಜಿಲ್ಲೆಯ ಉಸ್ತುವಾರಿಯೂ ಅವರದೇ. ಸುದ್ದಿ ದೆಹಲಿಯ ಚಾನೆಲ್‌ಗಳವರೆಗೆ ಹೋಯಿತು.

ಆ ವಿಡಿಯೊ ಇರದಿದ್ದರೆ ಇಷ್ಟು ಬೇಗ ಬಂಧನವಾಗುತ್ತಿರಲಿಲ್ಲ ಎಂದು ಹೇಳಿದರೆ ಯಾರೂ ತಗಾದೆ ತೆಗೆಯುವುದಿಲ್ಲ. ದೂರು ಕೊಡಬೇಕಾದ ಜಾಗದಲ್ಲೇ ಅನ್ಯಾಯ ನಡೆದಾಗ ಬಡವರ ಕೈಯಲ್ಲಿ ಉಳಿಯುವುದು ಸಾಕ್ಷಿ ಮಾತ್ರ. ಆದರೆ ಅದೇ ವಿಡಿಯೊದಲ್ಲಿ ಆ ಮಹಿಳೆಯೂ ಇದ್ದರು. ಊರೂರಿನ ಗ್ರೂಪುಗಳಲ್ಲಿ ಅದನ್ನು ಹಾಕಿದವರು, ನೋಡಿದವರು, ಮುಂದಕ್ಕೆ ಕಳಿಸಿದವರು ಯಾರೂ ಅವರ ಅಪ್ಪಣೆ ಕೇಳಿರಲಿಲ್ಲ. ಅಧಿಕಾರಿಯ ವಿರುದ್ಧ ಸಿಟ್ಟಿನಿಂದ ಕಳಿಸಿದವರಿದ್ದಾರು, ಬರೀ ಕುತೂಹಲಕ್ಕೆ ಕಳಿಸಿದವರೂ ಇದ್ದಾರು. ಚಿತ್ರದೊಳಗಿದ್ದವರಿಗೆ ಈ ಎರಡರ ನಡುವೆ ವ್ಯತ್ಯಾಸವೇನೂ ಇಲ್ಲ.

ಇಲ್ಲಿರುವುದು ಧರ್ಮದ ಪ್ರಶ್ನೆ. ಒಂದು ಚಿತ್ರವನ್ನು ನೋಡುವುದು, ಇಟ್ಟುಕೊಳ್ಳುವುದು, ದಾಟಿಸುವುದು, ತನ್ನ ಅಂಗಳದಲ್ಲಿ ಬಿದ್ದಿದ್ದರೂ ಸುಮ್ಮನಿರುವುದು: ಇವು ಕರ್ಮಗಳೇ? ಹೌದಾದರೆ ಯಾರ ಲೆಕ್ಕಕ್ಕೆ ಎಷ್ಟು? ಸಂಬಳವಿಲ್ಲದೆ, ಊರಿನ ಉಪಕಾರಕ್ಕೆಂದು ಒಂದು ಗ್ರೂಪನ್ನು ನಡೆಸುವವರಿಗೆ ಅದರಲ್ಲಿ ಪಾಲಿದೆಯೇ?

ಮಧುಗಿರಿ ಕಂದಾಯ ಉಪವಿಭಾಗದ ನಾಲ್ಕು ತಾಲ್ಲೂಕುಗಳಾದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ ಇಂಥ ಗ್ರೂಪುಗಳಿಗೆ ಬರವಿಲ್ಲ. ಹಾಲಿನ ಡೇರಿಯವರದೊಂದು, ಜಾತ್ರೆ ಸಮಿತಿಯದೊಂದು, ಎಸ್ಸೆಸ್ಸೆಲ್ಸಿ ಬ್ಯಾಚಿನದೊಂದು, ಸ್ತ್ರೀಶಕ್ತಿ ಸಂಘದ್ದೊಂದು, ಕುಲಬಾಂಧವರದೊಂದು. ಮೂರು ಕಡೆ ಆಂಧ್ರ ಸುತ್ತುವರಿದಿರುವ ಪಾವಗಡದಲ್ಲಿ ಕನ್ನಡವೂ ತೆಲುಗೂ ಒಂದೇ ಗ್ರೂಪಿನಲ್ಲಿ ಓಡಾಡುತ್ತವೆ. ಕಡಲೆಕಾಯಿ ದರ, ಕೊಳವೆಬಾವಿಯ ಮೋಟಾರು ರಿಪೇರಿ, ಕರೆಂಟು ಬರುವ ಹೊತ್ತು, ಸಾವಿನ ಸುದ್ದಿ, ಶನಿವಾರದ ಪೂಜೆಯ ಫೋಟೊ ಎಲ್ಲವೂ ಅಲ್ಲೇ. 2022ರಿಂದ ಒಂದು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ 1,024 ಜನ ಇರಬಹುದು. ಒಂದು ಸಾಧಾರಣ ಹಳ್ಳಿಯ ವಯಸ್ಕರೆಲ್ಲ ಒಂದೇ ಕೋಣೆಯಲ್ಲಿ ಕೂತಂತೆ. ಫೋಟೊ ತಾನಾಗಿ ಡೌನ್‌ಲೋಡ್ ಆಗುವ ಸೆಟ್ಟಿಂಗ್ ಇದ್ದವರ ಫೋನಿನಲ್ಲಿ ಅದು ಗ್ಯಾಲರಿಗೂ ಇಳಿದಿರುತ್ತದೆ. ಮಗು ಆಟವಾಡಲು ಫೋನು ಕೇಳಿ ತೆಗೆದುಕೊಂಡಾಗ ಅಲ್ಲೇ ಇರುತ್ತದೆ.

ಅಡ್ಮಿನ್ ಹೊಣೆಯ ಬಗ್ಗೆ ಕಾನೂನು ಒಂದಷ್ಟು ಕಾಲ ತಡವರಿಸಿದೆ. 2017ರ ಮೇ ತಿಂಗಳಲ್ಲಿ ಉತ್ತರ ಕನ್ನಡದ ಮುರ್ಡೇಶ್ವರ ಭಾಗದಲ್ಲಿ ಗ್ರೂಪೊಂದರಲ್ಲಿ ಪ್ರಧಾನಿಯವರ ತಿರುಚಿದ ಅಶ್ಲೀಲ ಚಿತ್ರ ಬಂದಿತೆಂದು ಅಡ್ಮಿನ್ ಆಗಿದ್ದ ಆಟೊ ಚಾಲಕರೊಬ್ಬರನ್ನು ಪೊಲೀಸರು ಬಂಧಿಸಿದ್ದರು. 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, 2022ರ ಫೆಬ್ರವರಿಯಲ್ಲಿ ಕೇರಳ ಹೈಕೋರ್ಟ್ ಈ ಗೊಂದಲವನ್ನು ಬಗೆಹರಿಸಿದವು. ಸದಸ್ಯ ಹಾಕಿದ್ದಕ್ಕೆ ಅಡ್ಮಿನ್ ಹೊಣೆಯಲ್ಲ. ಸಂಚಿನಲ್ಲಿ ಪಾಲಿದ್ದರೆ ಮಾತು ಬೇರೆ. ಕೇರಳದ ಪ್ರಕರಣದಲ್ಲಿ ಗ್ರೂಪಿಗೆ ಬಂದಿದ್ದು ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ದೃಶ್ಯ. ಆದರೂ ಅಡ್ಮಿನ್ ಮೇಲಿನ ಮೊಕದ್ದಮೆ ಬಿದ್ದುಹೋಯಿತು. ಕೋರ್ಟುಗಳು ಕೊಟ್ಟ ಕಾರಣ ನ್ಯಾಯವಾದದ್ದೇ. ಅಡ್ಮಿನ್‌ಗೆ ಸದಸ್ಯರನ್ನು ಸೇರಿಸುವ, ತೆಗೆಯುವ ಅಧಿಕಾರ ಬಿಟ್ಟರೆ ಬೇರೇನೂ ಇಲ್ಲ, ಯಾರು ಏನು ಹಾಕುತ್ತಾರೆಂದು ಮೊದಲೇ ತಿಳಿಯಲಾರ ಎಂಬುದು ಅದು.

ಕೇರಳದ ತೀರ್ಪು ಬಂದ ವರ್ಷವೇ, ಕೆಲವು ತಿಂಗಳ ನಂತರ, ವಾಟ್ಸ್‌ಆ್ಯಪ್ ಅಡ್ಮಿನ್‌ಗೆ ಹೊಸ ಅಧಿಕಾರ ಕೊಟ್ಟಿತು. ಗ್ರೂಪಿನಲ್ಲಿ ಬೇರೆಯವರು ಹಾಕಿದ್ದನ್ನೂ ಅಡ್ಮಿನ್ ಈಗ ಎಲ್ಲರ ಕಣ್ಣಿಂದ ಅಳಿಸಬಹುದು. ಕೈಯಲ್ಲಾಗದ್ದಕ್ಕೆ ಹೊಣೆಯಿಲ್ಲ ಎಂಬ ವಾದ ಕೈಯಲ್ಲಾಗುವುದಕ್ಕೆ ಅನ್ವಯಿಸುವುದಿಲ್ಲ. ಜೈಲಿನ ಭಯ ಇರಲಿ ಬಿಡಲಿ, ಅಳಿಸಬಲ್ಲವನು ಅಳಿಸದೆ ಇದ್ದರೆ ಅದು ಆಯ್ಕೆಯೇ ಆಗುತ್ತದೆ. ಅಲ್ಲಿಂದ ಮುಂದಿನ ದಾರಿ ಹೈಕೋರ್ಟಿನಿಂದ ಹಸ್ತಿನಾವತಿಯ ಸಭೆಗೆ ಹೋಗುತ್ತದೆ.

ತುಮಕೂರು ಸೀಮೆಯ ಹಳ್ಳಿಗಳಿಗೆ ದ್ರೌಪದಿಯ ಕತೆ ಹೊಸದಲ್ಲ. ಮೂಡಲಪಾಯ ಯಕ್ಷಗಾನದಲ್ಲಿ, ಗಮಕದ ಓದಿನಲ್ಲಿ ಅದನ್ನು ಕೇಳಿ ಬೆಳೆದ ಹಿರಿಯರು ಇನ್ನೂ ಇದ್ದಾರೆ. ಸೀರೆ ಸೆಳೆಯುವುದು, ಕೃಷ್ಣ ಕಾಯುವುದು ಎಲ್ಲರ ನೆನಪಿನಲ್ಲಿದೆ. ಅದರ ಬೆನ್ನಿಗೇ ವ್ಯಾಸಭಾರತದ ಸಭಾಪರ್ವದಲ್ಲಿ ವಿದುರ ಆಡುವ ಮಾತು ಅಷ್ಟಾಗಿ ಯಾರಿಗೂ ನೆನಪಿಲ್ಲ. ಪ್ರಹ್ಲಾದನ ಮಗ ವಿರೋಚನನಿಗೂ ಅಂಗಿರಸನ ಮಗ ಸುಧನ್ವನಿಗೂ ಹಿಂದೊಮ್ಮೆ ವ್ಯಾಜ್ಯ ಬಂತು. ತೀರ್ಪು ಹೇಳಬೇಕಾದವನು ಪ್ರಹ್ಲಾದ. ಮಗನ ಮೋಹ ಅಡ್ಡಬಂದು ಅವನು ಕಶ್ಯಪನನ್ನು ಕೇಳುತ್ತಾನೆ: ಕೇಳಿದ್ದಕ್ಕೆ ಉತ್ತರ ಹೇಳದೆ ಕೂತವನ ಗತಿಯೇನು? ಕಶ್ಯಪ ಹೇಳುವ ಲೆಕ್ಕ ಬಹಳ ಖಚಿತವಾದದ್ದು. ಸಭೆಯಲ್ಲಿ ನಿಂದ್ಯವಾದದ್ದು ನಡೆದು, ಯಾರೂ ಅದನ್ನು ಖಂಡಿಸದಿದ್ದರೆ ಪಾಪದಲ್ಲಿ ಅರ್ಧ ಸಭೆಯ ಹಿರಿಯನಿಗೆ, ಕಾಲು ಪಾಲು ಮಾಡಿದವನಿಗೆ, ಉಳಿದ ಕಾಲು ಸುಮ್ಮನೆ ಕೂತ ಸಭಾಸದರಿಗೆ. ಖಂಡಿಸಿದರೆ ಹಿರಿಯನೂ ಸಭಾಸದರೂ ಪಾಪದಿಂದ ಪಾರು. ಅಷ್ಟೂ ಮಾಡಿದವನ ಮೇಲೇ ಹೋಗುತ್ತದೆ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲೂ ಇಂಥದೇ ಹಂಚಿಕೆಯಿದೆ, ಪಾಲುಗಳು ಮಾತ್ರ ಸಮಸಮ.

ಮಾಡಿದವನಿಗಿಂತ ಸಭೆಯ ಹಿರಿಯನಿಗೆ ಎರಡು ಪಟ್ಟು! ಆಧುನಿಕ ದಂಡಸಂಹಿತೆ ಇದನ್ನು ಒಪ್ಪಲಾರದು, ಒಪ್ಪಬಾರದು ಕೂಡ. ಇನ್ನೊಬ್ಬನ ಅಪರಾಧಕ್ಕೆ ಜೈಲಿಗೆ ಹಾಕುವುದು ಅನ್ಯಾಯ. ಆದರೆ ವಿದುರನ ಮಾತು ಜೈಲಿನ ಬಗ್ಗೆ ಇಲ್ಲ. ಸಭೆ ಅಂದರೇನು ಎಂಬುದರ ಬಗ್ಗೆ ಇದೆ. ದುಶ್ಶಾಸನ ಒಬ್ಬನೇ ಕಾಡಿನಲ್ಲಿ ಹಾಗೆ ಮಾಡಿದ್ದರೆ ಅದು ಒಂದು ಕ್ರೌರ್ಯ. ತುಂಬಿದ ಸಭೆಯಲ್ಲಿ ಮಾಡಿದಾಗ ಆ ಸಭೆಯೇ ಕ್ರೌರ್ಯದ ಉಪಕರಣವಾಯಿತು. ದ್ರೌಪದಿಗೆ ಆದ ಗಾಯದ ಬಹುಪಾಲು ನೋಡುವ ಕಣ್ಣುಗಳಿಂದಲೇ ಆದದ್ದು. ಆ ಕಣ್ಣುಗಳನ್ನು ಒಂದೆಡೆ ಸೇರಿಸಿದವನು, ಸೇರಿಸಿದ ಮೇಲೆ ಸುಮ್ಮನೆ ಕೂತವನು ಧೃತರಾಷ್ಟ್ರ. ಅವನು ಕುರುಡನಾಗಿದ್ದ, ತಾನೇನೂ ನೋಡಲಿಲ್ಲ ಎಂದು ಅವನಿಗೆ ಮಾಫಿ ಸಿಕ್ಕಲಿಲ್ಲ. ಗ್ರೂಪಿನಲ್ಲಿ ಬಂದದ್ದನ್ನು ನೋಡಿಯೇ ಇಲ್ಲ, ಮ್ಯೂಟ್ ಮಾಡಿಟ್ಟಿದ್ದೆ ಎನ್ನುವ ಅಡ್ಮಿನ್ ಈ ಪ್ರಸಂಗವನ್ನು ಮತ್ತೊಮ್ಮೆ ಓದಬೇಕು.

ಜೈನರ ಲೆಕ್ಕ ಇನ್ನೂ ಸೂಕ್ಷ್ಮ. ಮಧುಗಿರಿಯ ಏಕಶಿಲಾ ಬೆಟ್ಟದ ಕೆಳಗೆ ಊರಲ್ಲಿ ಮಲ್ಲಿನಾಥ ಬಸದಿಯಿದೆ. ಬೆಟ್ಟ ಹತ್ತಲು ಬರುವ ಪ್ರವಾಸಿಗರು ಅದರತ್ತ ಹೊರಳುವುದು ಅಪರೂಪ. ಜೈನರು ಓದುವ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಕರ್ಮ ಆತ್ಮಕ್ಕೆ ಹರಿದುಬರುವ ದಾರಿಗಳನ್ನು ಎಣಿಸುತ್ತದೆ. ಮಾಡಬೇಕೆಂದು ಸಂಕಲ್ಪಿಸುವುದು, ಅದಕ್ಕೆ ಅಣಿಯಾಗುವುದು, ಶುರು ಮಾಡುವುದು ಎಂದು ಮೂರು. ಮನಸ್ಸು, ಮಾತು, ಮೈ ಎಂದು ಮೂರು. ತಾನೇ ಮಾಡುವುದು, ಮಾಡಿಸುವುದು, ಮಾಡಿದ್ದಕ್ಕೆ ಒಪ್ಪಿಗೆ ಸೂಚಿಸುವುದು ಎಂದು ಮೂರು. ಕ್ರೋಧ, ಮಾನ, ಮಾಯೆ, ಲೋಭ ಎಂದು ನಾಲ್ಕು. ಗುಣಿಸಿದರೆ 108. ಜಪಮಾಲೆಯ 108 ಮಣಿಗಳನ್ನು ಈ ಲೆಕ್ಕಕ್ಕೆ ಹೊಂದಿಸಿ ಹೇಳುವ ರೂಢಿಯೂ ಜೈನರಲ್ಲಿದೆ.

ಇದರಲ್ಲಿ ಕೃತ, ಕಾರಿತ, ಅನುಮತ ಎಂಬ ಮೂರನೆಯ ತ್ರಿಕ ಇಂದಿನ ಫೋನಿಗೆಂದೇ ಬರೆದಂತಿದೆ. ಚಿತ್ರ ತೆಗೆದು ಹಾಕಿದವನದು ಕೃತ. ‘ಯಾರತ್ರ ಇದೆ, ಕಳಿಸ್ರಪ್ಪಾ’ ಎಂದು ಕೇಳಿದವನದು ಕಾರಿತ. ನಗುವ ಮುಖದ ಎಮೋಜಿ ಒತ್ತಿದವನದು, ಏನೂ ಒತ್ತದೆ ಅದನ್ನು ಅಲ್ಲಿರಲು ಬಿಟ್ಟ ಅಡ್ಮಿನ್‌ನದು ಅನುಮತ. ಮೂವರೂ ಒಂದೇ ಬಾಗಿಲಿಂದ ಒಳಗೆ ಬಂದವರು. ಒಂದು ವಿವೇಕ ಮಾತ್ರ ಬೇಕು. ತಿಳಿಯದೆ ಇದ್ದವನಿಗೂ ತಿಳಿದು ಬಿಟ್ಟವನಿಗೂ ಜೈನಧರ್ಮ ಒಂದೇ ತೂಕ ಹಾಕುವುದಿಲ್ಲ. ಭಾವ ಎಷ್ಟು ತೀವ್ರ, ತಿಳಿದು ಮಾಡಿದ್ದೋ ತಿಳಿಯದೆ ಆದದ್ದೋ ಎಂಬುದರ ಮೇಲೆ ಬಂಧದ ಗಟ್ಟಿತನ ನಿಲ್ಲುತ್ತದೆ ಎಂದು ಅದೇ ಅಧ್ಯಾಯ ಹೇಳುತ್ತದೆ. ರಾತ್ರಿ ಹನ್ನೊಂದಕ್ಕೆ ಬಂದ ಚಿತ್ರವನ್ನು ಬೆಳಗ್ಗೆ ಹಾಲು ಹಾಕಿ ಬಂದು ನೋಡಿ ಅಳಿಸಿದವರು ನಿಶ್ಚಿಂತೆಯಿಂದ ಇರಬಹುದು.

ಭಾರತದ ಕಾನೂನು ಕೂಡ ನಿಧಾನವಾಗಿ ಇದೇ ಕಡೆ ಸರಿಯುತ್ತಿರುವುದು ಗಮನಿಸತಕ್ಕದ್ದು. 2024ರ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್ ಮದ್ರಾಸ್ ಹೈಕೋರ್ಟಿನ ತೀರ್ಪೊಂದನ್ನು ತಳ್ಳಿಹಾಕಿತು. ಮಕ್ಕಳ ಲೈಂಗಿಕ ಶೋಷಣೆಯ ದೃಶ್ಯವನ್ನು ಹಂಚದೆ ಬರೀ ಇಟ್ಟುಕೊಂಡು ನೋಡುವುದು ಅಪರಾಧವಲ್ಲ ಎಂದಿತ್ತು ಹೈಕೋರ್ಟ್. ಹಾಗಲ್ಲ, ಅಳಿಸದೆ, ವರದಿ ಮಾಡದೆ ಇಟ್ಟುಕೊಂಡದ್ದರಿಂದಲೇ ಹಂಚುವ ಉದ್ದೇಶವನ್ನು ಊಹಿಸಬಹುದು, ಪೋಕ್ಸೊ ಕಾಯ್ದೆಯ 15ನೇ ಕಲಂ ಇರುವುದೇ ಅದಕ್ಕೆ ಎಂದಿತು ಸುಪ್ರೀಂ ಕೋರ್ಟ್. ‘ಅಶ್ಲೀಲ ಚಿತ್ರ’ ಎಂಬ ಹೆಸರೂ ಸಲ್ಲದು, ಅದು ಮಗುವಿನ ಮೇಲೆ ನಡೆದ ದೌರ್ಜನ್ಯದ ದಾಖಲೆ ಎಂದೂ ಹೇಳಿತು. ಸುಮ್ಮನೆ ಇಟ್ಟುಕೊಳ್ಳುವುದೂ ಒಂದು ಕ್ರಿಯೆ ಎಂಬ ಮಾತನ್ನು ನ್ಯಾಯಪೀಠ ತನ್ನ ಭಾಷೆಯಲ್ಲಿ ಹೇಳಿದ್ದು ಇದು.

ಇನ್ನು ಶಿರಾ. ಬಿಜಾಪುರದವರು, ಮೊಗಲರು ಆಳಿದ ಆ ಊರಿನಲ್ಲಿ ಮಲಿಕ್ ರಿಹಾನ್ ದರ್ಗಾ, ಜಾಮಿಯಾ ಮಸೀದಿ 17ನೇ ಶತಮಾನದಿಂದ ನಿಂತಿವೆ. ನೋಟದ ಶಿಸ್ತನ್ನು ಇಸ್ಲಾಂ ಹೇಳುವ ಕ್ರಮದಲ್ಲಿ ಒಂದು ವಿಶೇಷವಿದೆ. ಕುರ್‌ಆನಿನ ಅನ್-ನೂರ್ ಅಧ್ಯಾಯದಲ್ಲಿ ದೃಷ್ಟಿ ತಗ್ಗಿಸಿರೆಂಬ ಆಜ್ಞೆ ಬರುತ್ತದೆ. ಮೊದಲು ಗಂಡಸರಿಗೆ, ಆಮೇಲೆ ಹೆಂಗಸರಿಗೆ. ಆ ಅಧ್ಯಾಯದ ಹಿನ್ನೆಲೆಯೇ ಒಂದು ಅಪಪ್ರಚಾರದ ಪ್ರಕರಣ. ಪ್ರವಾದಿಯವರ ಪತ್ನಿ ಆಯಿಷಾ ಅವರ ಮೇಲೆ ಮದೀನಾದಲ್ಲಿ ಸುಳ್ಳು ಸುದ್ದಿ ಹಬ್ಬಿತು. ಹುಟ್ಟಿಸಿದವರು ಕೆಲವರು, ನಾಲಗೆಯಿಂದ ನಾಲಗೆಗೆ ದಾಟಿಸಿದವರು ಹಲವರು. ಹೀಗೆ ದಾಟಿಸಿದವರಿಗೆ ಅದು ಹಗುರ ಸಂಗತಿಯಾಗಿ ಕಂಡಿತು, ದೇವರ ಎದುರು ಅದು ಭಾರವಾದದ್ದು ಎಂಬರ್ಥದ ಮಾತು ಅಲ್ಲಿದೆ. ಫಾರ್ವರ್ಡ್ ಎಂಬ ಗುಂಡಿ ಹುಟ್ಟುವ ಸಾವಿರದ ನಾನೂರು ವರ್ಷ ಮೊದಲೇ ಅದರ ತೂಕವನ್ನು ಅಳೆದಿಟ್ಟಿದ್ದಾರೆ.

ಇತರರ ದೋಷವನ್ನು ಮುಚ್ಚುವವನನ್ನು ದೇವರು ಮುಚ್ಚಿ ಕಾಪಾಡುತ್ತಾನೆ ಎಂಬ ಪ್ರವಾದಿ ವಚನವೂ ಪ್ರಸಿದ್ಧ. ಹಾಗಾದರೆ ಮಧುಗಿರಿಯ ಅಧಿಕಾರಿಯ ನಡತೆಯನ್ನೂ ಮುಚ್ಚಿಡಬೇಕಿತ್ತೇ? ಇಲ್ಲ. ಇದಕ್ಕೆ ಉತ್ತರ ಅನ್-ನಿಸಾ ಅಧ್ಯಾಯದ 148ನೆಯ ವಚನದಲ್ಲಿದೆ. ಕೆಟ್ಟದ್ದನ್ನು ಬಹಿರಂಗವಾಗಿ ಆಡುವುದು ದೇವರಿಗೆ ಇಷ್ಟವಿಲ್ಲ, ಅನ್ಯಾಯಕ್ಕೆ ಒಳಗಾದವರ ಹೊರತು ಎಂಬುದು ಅದರ ಸಾರ. ಹೇಳುವ ಹಕ್ಕು ನೊಂದವರದು. ಬೇರೆಯವರು ಅವರಿಗೆ ದನಿಗೂಡಿಸಬಹುದು, ಅವರನ್ನು ಕೇಳದೆ ಅವರ ಪರವಾಗಿ ಬಟ್ಟೆ ಸರಿಸಿ ತೋರಿಸುವಂತಿಲ್ಲ. ಈ ಒಂದು ಅಪವಾದ ಇಡೀ ವಿಷಯದ ಕೀಲಿಯಂತಿದೆ.

ಏಕೆಂದರೆ ಧರ್ಮಗ್ರಂಥಗಳು ನೋಟದ ಬಗ್ಗೆ ಮಾತಾಡುವಾಗ ಹೆಚ್ಚಾಗಿ ನೋಡುವವನ ಚಿತ್ತಶುದ್ಧಿಯ ಬಗ್ಗೆಯೇ ಮಾತಾಡುತ್ತವೆ. ಇಂದ್ರಿಯ ನಿಗ್ರಹ ಇರಲಿ, ಕೆಟ್ಟದ್ದು ನೋಡಬೇಡ, ಮನಸ್ಸು ಕೆಡುತ್ತದೆ ಎಂದು. ಗ್ರೂಪುಗಳಲ್ಲೂ ಅದೇ ಮಾತು: ‘ಹೆಣ್ಮಕ್ಕಳು ಇದಾರೆ, ಇಂಥಾದ್ದು ಹಾಕ್ಬೇಡಿ.’ ಅಂದರೆ ನೋಡುವ ಹೆಣ್ಣುಮಕ್ಕಳಿಗೆ ಮುಜುಗರ ಎಂಬ ಚಿಂತೆ. ಚಿತ್ರದೊಳಗೂ ಒಬ್ಬ ಹೆಣ್ಣುಮಗಳಿದ್ದಾಳೆ ಎಂಬುದು ಆ ವಾಕ್ಯದಲ್ಲಿ ಇಲ್ಲ. ನೋಡುವವರ ಶುದ್ಧಿಗಿಂತ ನೋಡಲ್ಪಡುವವರ ಮಾನ ದೊಡ್ಡದು ಎಂದು ಒಪ್ಪಿಕೊಂಡರೆ ಅರ್ಧ ಗೊಂದಲ ಕರಗುತ್ತದೆ.

ಪಾವಗಡದ ಶನಿಮಹಾತ್ಮನ ಕತೆ ಈ ಮಾತಿಗೆ ಇಂಬು ಕೊಡುತ್ತದೆ. ಶನಿವಾರ, ಅದರಲ್ಲೂ ಶ್ರಾವಣದ ಶನಿವಾರ, ಕರ್ನಾಟಕ ಆಂಧ್ರ ಎರಡೂ ಕಡೆಯ ಜನ ಅಲ್ಲಿ ಸಾಲುಗಟ್ಟುತ್ತಾರೆ. ಶನಿಯ ದೃಷ್ಟಿಗೆ ಹೆದರುವವರೇ ಎಲ್ಲ. ಬ್ರಹ್ಮವೈವರ್ತ ಪುರಾಣದಲ್ಲಿ ಆ ಹೆದರಿಕೆ ಮೊದಲು ಇರುವುದು ಶನಿಗೇ. ಹೆಂಡತಿಯ ಶಾಪದಿಂದ ಅವನು ನೋಡಿದ್ದೆಲ್ಲ ಹಾಳಾಗುತ್ತದೆ. ಪಾರ್ವತಿಯ ಕೂಸನ್ನು ನೋಡಲು ದೇವತೆಗಳೆಲ್ಲ ಬಂದಾಗ ಅವನು ತಲೆ ತಗ್ಗಿಸಿ ನಿಲ್ಲುತ್ತಾನೆ. ಕಾರಣ ಹೇಳಿದರೂ ಪಾರ್ವತಿ ಕೇಳುವುದಿಲ್ಲ, ನೋಡು ಎನ್ನುತ್ತಾಳೆ. ಕಣ್ಣಂಚಿನಿಂದ ನೋಡುತ್ತಾನೆ, ಮಗುವಿನ ತಲೆ ಬೀಳುತ್ತದೆ. ತನ್ನ ನೋಟದಿಂದ ಇನ್ನೊಬ್ಬರಿಗೆ ಏನಾಗುತ್ತದೆಂದು ತಿಳಿದು ಕಣ್ಣು ಕೆಳಗಿಟ್ಟ ದೇವರು ಅವನು. ತನ್ನ ಮನಸ್ಸು ಕೆಡುತ್ತದೆಂದು ಅವನು ತಲೆ ತಗ್ಗಿಸಲಿಲ್ಲ. ಎದುರಿಗಿರುವ ಜೀವಕ್ಕೆ ಹಾನಿಯಾಗುತ್ತದೆಂದು ತಗ್ಗಿಸಿದ.

ಈ ಹಾನಿ ಎಷ್ಟು ದೊಡ್ಡದಿರಬಹುದೆಂದು ರಾಜ್ಯ ಕಂಡದ್ದು 2024ರ ಏಪ್ರಿಲ್‌ನಲ್ಲಿ, ಹಾಸನದಲ್ಲಿ. ಏಪ್ರಿಲ್ 26ರ ಲೋಕಸಭಾ ಮತದಾನಕ್ಕೆ ಕೆಲವೇ ದಿನ ಮೊದಲು, ಆಗಿನ ಸಂಸದನಿಗೆ ಸಂಬಂಧಿಸಿದ ವಿಡಿಯೊಗಳನ್ನು ತುಂಬಿದ ಪೆನ್‌ಡ್ರೈವ್‌ಗಳು ಜಿಲ್ಲೆಯಲ್ಲಿ ಹಂಚಿಕೆಯಾದವು. ಹೆಣ್ಣುಮಕ್ಕಳ ಮುಖ ಮರೆಮಾಡಿರಲಿಲ್ಲ. ವಿಡಿಯೊ ಮೊಬೈಲಿಂದ ಮೊಬೈಲಿಗೆ ಹೋದಂತೆ ಮನೆಗಳಿಗೆ ಬೀಗ ಬಿತ್ತು, ಕೆಲವು ಸಂಸಾರಗಳು ಊರನ್ನೇ ಬಿಟ್ಟವು. ಅನ್ಯಾಯ ಮಾಡಿದವನು ವಿದೇಶಕ್ಕೆ ಹೋಗಿದ್ದ. ಅನ್ಯಾಯಕ್ಕೆ ಒಳಗಾದವರು ತಮ್ಮದೇ ಬೀದಿಯಲ್ಲಿ ತಲೆ ಎತ್ತದಂತಾದರು. ವಿಡಿಯೊ ಇಟ್ಟುಕೊಳ್ಳುವುದು, ಹಂಚುವುದು ಶಿಕ್ಷಾರ್ಹ ಎಂದು ವಿಶೇಷ ತನಿಖಾ ತಂಡ ಸಾರ್ವಜನಿಕವಾಗಿ ಎಚ್ಚರಿಸಬೇಕಾಯಿತು. ಹಂಚಿದವರ ಮೇಲೆ ಬೇರೆಯೇ ಪ್ರಕರಣ ದಾಖಲಾಯಿತು.

2025ರ ಆಗಸ್ಟ್ 2ರಂದು ಆ ಮಾಜಿ ಸಂಸದನಿಗೆ ಒಂದು ಪ್ರಕರಣದಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು. ಆ ಶಿಕ್ಷೆಯಾದದ್ದು ನೊಂದ ಹೆಣ್ಣುಮಗಳೊಬ್ಬರು ಧೈರ್ಯವಾಗಿ ಹೇಳಿಕೆ ಕೊಟ್ಟಿದ್ದರಿಂದ, ವಿಧಿವಿಜ್ಞಾನ ಪ್ರಯೋಗಾಲಯ ಸಾಕ್ಷ್ಯವನ್ನು ಪರೀಕ್ಷಿಸಿದ್ದರಿಂದ. ಹಾಸನದ ಬಸ್ಸುಗಳಲ್ಲಿ ಕೂತು ಪೆನ್‌ಡ್ರೈವ್‌ನ ವಿಡಿಯೊ ನೋಡಿದವರಿಂದ ಅಲ್ಲ. ಅದೇ ದೃಶ್ಯ ನ್ಯಾಯಾಲಯದ ಮುಚ್ಚಿದ ಕೋಣೆಯಲ್ಲಿ ಸಾಕ್ಷಿ, ಊರ ಗ್ರೂಪಿನಲ್ಲಿ ಎರಡನೆಯ ಅತ್ಯಾಚಾರ.

ಹೀಗೆ ನೋಡಿದರೆ ಅಡ್ಮಿನ್ ಕೇಳಿಕೊಳ್ಳಬೇಕಾದ ಪ್ರಶ್ನೆ ಸರಳವಾಗುತ್ತದೆ. ಈ ಚಿತ್ರ ಹೋಗುತ್ತಿರುವುದು ಏನಾದರೂ ಮಾಡಬಲ್ಲವರ ಬಳಿಗೋ, ಬರೀ ನೋಡಬಲ್ಲವರ ಬಳಿಗೋ? ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ, ರಾಜ್ಯ ಮಹಿಳಾ ಆಯೋಗ, ನ್ಯಾಯಾಧೀಶರು, ಮುಖ ಮರೆಮಾಡಿ ಸುದ್ದಿ ಮಾಡುವ ಪತ್ರಕರ್ತರು ಮೊದಲನೆಯ ಗುಂಪಿನವರು. ಡೇರಿ ಗ್ರೂಪಿನ ಸದಸ್ಯರು ಎರಡನೆಯವರು. ಮಧುಗಿರಿಯ ಪ್ರಕರಣ ಕಷ್ಟದ್ದು, ಒಪ್ಪಬೇಕು. ಆರೋಪಿ ಸ್ವತಃ ಪೊಲೀಸ್ ಅಧಿಕಾರಿ. ವಿಡಿಯೊವನ್ನು ಠಾಣೆಗೆ ಒಯ್ಯುವುದೆಂದರೆ ಅವರ ಕೈಕೆಳಗಿನವರ ಬಳಿಗೇ ಒಯ್ದಂತೆ. ಜನರ ಮುಂದಿಡುವುದೊಂದೇ ದಾರಿ ಎಂದು ಚಿತ್ರೀಕರಿಸಿದವರಿಗೆ ಅನ್ನಿಸಿದ್ದರೆ ಅದನ್ನು ತಪ್ಪೆನ್ನುವುದು ಕಷ್ಟ. ಹಾಗಿದ್ದೂ ಆ ಮಹಿಳೆಯ ಮುಖ, ಮೈ ಮಸುಕು ಮಾಡಬಹುದಿತ್ತು. ಅದಕ್ಕೆ ಬೇಕಾದ ಆ್ಯಪ್‌ಗಳು ಉಚಿತವಾಗಿ ಸಿಗುತ್ತವೆ. ಊರಿಗೆ ಗೊತ್ತಾಗಬೇಕಿದ್ದದ್ದು ಅಧಿಕಾರಿಯ ಮುಖ. ಇನ್ನೊಂದು ಮುಖ ಯಾರಿಗೂ ಬೇಕಿರಲಿಲ್ಲ. ಬಂಧನವಾದ ಮೇಲಂತೂ ಅದು ಒಂದು ಗಂಟೆಯೂ ಯಾವ ಗ್ರೂಪಿನಲ್ಲೂ ಇರಲು ಕಾರಣವೇ ಇರಲಿಲ್ಲ.

ದೇವರ, ಪ್ರವಾದಿಯವರ, ಗುರುಗಳ ಅವಹೇಳನದ ಚಿತ್ರಗಳ ವಿಷಯವೇ ಬೇರೆ. 2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳು ಒಂದು ಫೇಸ್‌ಬುಕ್ ಪೋಸ್ಟಿಗೆ ಹೊತ್ತಿ ಉರಿದವು, ಜೀವಗಳು ಹೋದವು. 2025ರ ಫೆಬ್ರವರಿ 10ರ ರಾತ್ರಿ ಮೈಸೂರಿನ ಉದಯಗಿರಿ ಠಾಣೆಯ ಮೇಲೆ ಕಲ್ಲು ಬಿದ್ದದ್ದು ರಾಜಕೀಯ ನಾಯಕರ ತಿರುಚಿದ ಚಿತ್ರವೊಂದಕ್ಕೆ. ಇಂಥವನ್ನು ಊರ ಗ್ರೂಪಿನಿಂದ ತೆಗೆಯುವುದು ಅಡ್ಮಿನ್ ಮಾಡಬೇಕಾದ ಕೆಲಸವೇ, ನೆರೆಹೊರೆಯ ಮರ್ಯಾದೆ ಅದು. ಆದರೂ ಎರಡು ನೋವುಗಳನ್ನು ಒಂದೇ ತಕ್ಕಡಿಯಲ್ಲಿ ಇಡಬಾರದು. ಒಂದು, ನೋಡಿದ್ದರಿಂದ ಆಗುವ ನೋವು. ಇನ್ನೊಂದು, ನೋಡಲ್ಪಟ್ಟದ್ದರಿಂದ ಆಗುವ ನೋವು. ಮೊದಲನೆಯವರು ಕಣ್ಣು ತಿರುಗಿಸಬಹುದು. ಎರಡನೆಯವರಿಗೆ ಆ ದಾರಿಯೂ ಇಲ್ಲ.

ವಿಕಿಪೀಡಿಯ ಈ ಭೇದವನ್ನು ಕಲಿತದ್ದು ನಿಧಾನವಾಗಿ. ಅದೂ ಸಂಬಳವಿಲ್ಲದ ಸಂಪಾದಕರು ನಡೆಸುವ ಸಭೆಯೇ. ಕನ್ನಡದ್ದು 2003ರಿಂದ ಇದೆ. 2008ರಲ್ಲಿ ಪ್ರವಾದಿಯವರ ಹಳೆಯ ಪರ್ಷಿಯನ್ ಚಿತ್ರಗಳನ್ನು ತೆಗೆಯಿರೆಂದು ಲಕ್ಷಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದರು. ಇಂಗ್ಲಿಷ್ ವಿಕಿಪೀಡಿಯ ತೆಗೆಯಲಿಲ್ಲ. ಬೇಡದವರು ತಮ್ಮ ತೆರೆಯಲ್ಲಿ ಮರೆಮಾಡಿಕೊಳ್ಳುವುದು ಹೇಗೆಂದು ತೋರಿಸಿಕೊಟ್ಟಿತು. 2024ರಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಹತ್ಯೆಯಾದ ವೈದ್ಯೆಯ ಹೆಸರು, ಫೋಟೊ ಅಲ್ಲಿ ಉಳಿದಿದ್ದಾಗ ಸುಪ್ರೀಂ ಕೋರ್ಟ್ ಸೆಪ್ಟೆಂಬರ್ 17ರಂದು ತೆಗೆಯುವಂತೆ ಆದೇಶಿಸಿತು. ಅಷ್ಟು ಹೊತ್ತಿಗೆ ಆ ಚಿತ್ರ ದೇಶದ ಮೂಲೆಮೂಲೆಗೆ ತಲುಪಿತ್ತು. ನ್ಯಾಯ ಕೇಳಿ ಮೇಣದಬತ್ತಿ ಹಿಡಿದವರ ಸ್ಟೇಟಸ್‌ನಲ್ಲೂ ಅದಿತ್ತು. ಮೊದಲನೆಯದರಲ್ಲಿ ವಿಕಿಪೀಡಿಯದ ನಿಲುವನ್ನು ಸಮರ್ಥಿಸಬಹುದು, ಎರಡನೆಯದರಲ್ಲಿ ಆಗದು.

ಚಿತ್ರ ಸುಳ್ಳಾಗಿರದೆಯೂ ಕೊಲ್ಲಬಲ್ಲದು. 2018ರಲ್ಲಿ ಮಕ್ಕಳ ಕಳ್ಳರೆಂದು ಹಬ್ಬಿದ ವಿಡಿಯೊಗಳಲ್ಲಿ ಒಂದು ಕರಾಚಿಯ ಸಂಸ್ಥೆಯೊಂದು ಮಕ್ಕಳ ಸುರಕ್ಷತೆಯ ಜಾಗೃತಿಗೆಂದೇ ಮಾಡಿಸಿದ್ದು. ಸಂದೇಶವಿದ್ದ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಆ ಮೇ ತಿಂಗಳು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಹೈದರಾಬಾದಿನ ಎಂಜಿನಿಯರ್ ಮತ್ತು ಸ್ನೇಹಿತರ ಸುದ್ದಿ ಗ್ರೂಪಿನಲ್ಲಿ ಓಡಿತು, ಎಂಜಿನಿಯರ್ ಸತ್ತರು. ಬಂಧಿತರಲ್ಲಿ ಗ್ರೂಪಿನ ಅಡ್ಮಿನ್ ಕೂಡ ಇದ್ದರು. ‘ನಿಜವೋ ಸುಳ್ಳೋ ಗೊತ್ತಿಲ್ಲ, ಹುಷಾರಾಗಿರಿ ಅಂತ ಕಳಿಸ್ದೆ’ ಎಂಬ ಮಾತು ಅಂದಿನಿಂದ ಸಲ್ಲದು.

ಒಂದು ಮಾತು ಅಡ್ಮಿನ್‌ಗಳ ಪರವಾಗಿಯೂ ಹೇಳಬೇಕು. ಬೇರೆಯವರು ನೋಡದಿರಲೆಂದು ಇವರು ನೋಡಬೇಕಾಗುತ್ತದೆ. 2020ರಲ್ಲಿ ಫೇಸ್‌ಬುಕ್ ತನ್ನ ಪರವಾಗಿ ಇಂಥ ದೃಶ್ಯಗಳನ್ನು ಸೋಸಿ ಮನಸ್ಸು ಜರ್ಜರಿತವಾದ ಕೆಲಸಗಾರರಿಗೆ 5.2 ಕೋಟಿ ಡಾಲರ್ ಕೊಡಲು ಒಪ್ಪಿತು. ಸಂಬಳವಿಲ್ಲದವರಿಗೆ ಆ ಪರಿಹಾರವೂ ಇಲ್ಲ. 2023ರ ಆಗಸ್ಟ್‌ನಲ್ಲಿ ಲೆಮ್ಮಿ ಎಂಬ, ಸ್ವಯಂಸೇವಕರೇ ನಡೆಸುವ ಜಾಲದ ಮೇಲೆ ಕಿಡಿಗೇಡಿಗಳು ಮಕ್ಕಳ ಶೋಷಣೆಯ ಚಿತ್ರಗಳನ್ನು ಬೇಕೆಂದೇ ಸುರಿದರು. ನಡೆಸುತ್ತಿದ್ದವರು ಚಿತ್ರ ಹಾಕುವ ಸೌಲಭ್ಯವನ್ನೇ ನಿಲ್ಲಿಸಬೇಕಾಯಿತು. ದೊಡ್ಡ ಕಂಪನಿಗಳ ಬಳಿ ಮೈಕ್ರೊಸಾಫ್ಟ್ 2009ರಲ್ಲಿ ರೂಪಿಸಿದ ಫೋಟೊಡಿಎನ್‌ಎಯಂಥ ತಂತ್ರಜ್ಞಾನವಿದೆ. ಗೊತ್ತಿರುವ ಕೆಟ್ಟ ಚಿತ್ರದ ಗಣಿತದ ಗುರುತನ್ನು ಹಿಡಿದು ಮನುಷ್ಯ ನೋಡುವ ಮೊದಲೇ ತಡೆಯುತ್ತದೆ. ಕೊರಟಗೆರೆಯ ಜಾತ್ರೆ ಸಮಿತಿಯವರ ಬಳಿ ಅದಿಲ್ಲ. ಅವರ ಬಳಿ ಇರುವುದು ಎರಡು ಮೂರು ಗುಂಡಿಗಳು: ಎಲ್ಲರಿಗೂ ಅಳಿಸು, ಸದಸ್ಯನನ್ನು ತೆಗೆ, ಅಡ್ಮಿನ್ ಮಾತ್ರ ಕಳಿಸಬಹುದು. ಸಾಕು. ಒಬ್ಬರ ಮೇಲೇ ಭಾರ ಬೀಳದಂತೆ ಇಬ್ಬರು ಮೂವರು ಅಡ್ಮಿನ್‌ಗಳಿದ್ದರೆ, ಅವರಲ್ಲಿ ಹೆಣ್ಣುಮಕ್ಕಳೂ ಇದ್ದರೆ ಇನ್ನೂ ಒಳ್ಳೆಯದು.

ಗೊರವನಹಳ್ಳಿಯ ಲಕ್ಷ್ಮಿಯ ಭಕ್ತರ ಗ್ರೂಪಾಗಲಿ, ಶಿರಾದ ಮಸೀದಿ ಕಮಿಟಿಯದಾಗಲಿ, ಮಧುಗಿರಿಯ ಬಸದಿಯವರದಾಗಲಿ, ಪಾವಗಡದ ಶನಿವಾರದ ಭಜನೆಯವರದಾಗಲಿ, ಗ್ರೂಪಿನ ವಿವರಣೆಯ ಜಾಗದಲ್ಲಿ ಈ ವಾರವೇ ಒಂದು ಸಾಲು ಬರೆದು ಹಾಕಲಿ: ಯಾರದೇ ಮಾನ ಹೋಗುವ ಚಿತ್ರ ಬಂದರೆ ಕೇಳದೆ ಅಳಿಸಲಾಗುವುದು, ಹಾಕಿದ್ದು ತಪ್ಪೆಂದು ಎಲ್ಲರೆದುರೇ ಹೇಳಲಾಗುವುದು. ವಿದುರನ ಲೆಕ್ಕದಲ್ಲಿ ಸಭೆ ಪಾರಾಗುವುದು ಆ ಎರಡನೆಯ ಮಾತಿನಿಂದ. ಅನ್ಯಾಯದ ಸಾಕ್ಷಿ ಕೈಗೆ ಬಂದರೆ ಗ್ರೂಪಿಗೆ ಹಾಕದೆ cybercrime.gov.in ಎಂಬ ಕೇಂದ್ರ ಸರ್ಕಾರದ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ಗೆ ಒಯ್ಯಬಹುದು. ಮಹಿಳೆಯರು, ಮಕ್ಕಳಿಗೆ ಸಂಬಂಧಿಸಿದ ಇಂಥ ದೂರನ್ನು ಅಲ್ಲಿ ಹೆಸರು ಹೇಳದೆಯೂ ಕೊಡಬಹುದು.